ಮುಸ್ಸಂಜೆ ಗುಡ್ಡದ ಚಿತ್ರಕ್ಕೆ ಸರಿಯಾಗಿ ಕಟ್ಟು ಹಾಕ್ಕೊಟ್ಟ ಮಲ್ಲೇಶ್ವರಂ ಅಂಗಡಿ

ಮಲ್ಲೇಶ್ವರಂ ಸಂಪಿಗೆ ರೋಡಿಂದ ಮಾರ್ಗೋಸಾ ರೋಡ್ ಕಡೆಗೆ ಹೋಗೋ ಕ್ರಾಸೊಂದ್ರಲ್ಲಿ, ಹೂವಿನವ್ರು ಕೂತ್ಕೊಳ್ಳೋ ಜಾಗ ದಾಟಿದ್ಮೇಲೆ ಎಡಗಡೆ ಸಿಗೋ ಈ ಕಟ್ಟು ಹಾಕೋ ಅಂಗಡೀಲಿ ಹೋದ ತಿಂಗಳು ಒಂದು ವಾಟರ್‌ಕಲರ್ ಚಿತ್ರಕ್ಕೆ ಫ್ರೇಮ್ ಹಾಕಿಸ್ದೆ. ದುಡ್ಡು ಸ್ವಲ್ಪ ಜಾಸ್ತಿ, ದಿನ ಜಾಸ್ತಿ, ಗಾಡಿ ನಿಲ್ಸಕ್ಕೆ ಜಾಗ ಇಲ್ಲ. ಆದ್ರೂ ಐದಕ್ಕೆ ಐದು ಸ್ಟಾರ್ ಕೊಡ್ತಿದೀನಿ. ಯಾಕೆ ಅಂತ ಹೇಳ್ಬೇಕಂದ್ರೆ ಮೊದ್ಲು ಆ ಚಿತ್ರದ ಬಗ್ಗೆ ಹೇಳ್ಬೇಕು, ಯಾಕಂದ್ರೆ ಈ ಅಂಗಡಿಯವ್ರು ಪಟ್ಟಿ, ಗ್ಲಾಸು, ರೇಟು ಅಂತ ಶುರು ಮಾಡೋಕ್ಕಿಂತ ಮುಂಚೆ ಚಿತ್ರ ನೋಡ್ತಾರೆ, ಸುಮ್ನೆ ನಿಂತ್ಕೊಂಡು ನೋಡ್ತಾರೆ.

ಜನವರಿ ಮೊದಲ್ನೇ ಭಾನುವಾರ ಕುಮಾರಕೃಪಾ ರೋಡಲ್ಲಿ ಚಿತ್ರಸಂತೆ ಆಗುತ್ತಲ್ಲ, ಚಿತ್ರಕಲಾ ಪರಿಷತ್ತಿನವ್ರು 2003ರಿಂದ ನಡೆಸ್ಕೊಂಡು ಬಂದಿರೋದು, ಅಲ್ಲಿ ತಗೊಂಡಿದ್ದು ಇದು. ಫುಟ್‌ಪಾತಲ್ಲಿ ಟಾರ್ಪಾಲು ಹಾಸ್ಕೊಂಡು ಕೂತಿದ್ದ ಒಬ್ಬ ಹುಡುಗ, 22 ಇಂಚಿಗೆ 15 ಇಂಚು ಸೈಜು, ಅಂದ್ರೆ ದೊಡ್ಡ ವಾಟರ್‌ಕಲರ್ ಶೀಟಿನ ಅರ್ಧ, 4,500 ಹೇಳ್ದ, ನಾನು ಚೌಕಾಸಿ ಮಾಡ್ಲಿಲ್ಲ. ಮೂಡಿಗೆರೆ ಕಡೆ ದೇವರಮನೆ ಗುಡ್ಡದ ಮೇಲೆ ನಿಂತು ಪಡುವಣಕ್ಕೆ ನೋಡಿದ್ರೆ ಕಾಣೋ ಗುಡ್ಡದ ಸಾಲು, ಸೂರ್ಯ ಮುಳುಗಿ ಐದ್ಹತ್ತು ನಿಮಿಷ ಆಗಿದೆ. ನಮ್ಮೂರೂ ಆ ಕಡೇನೇ, ಅದಕ್ಕೇ ಕಾಲು ಅಲ್ಲೇ ನಿಂತು ಹೋಯ್ತು.

ಐದು ಸಾಲು ಗುಡ್ಡ ಇದೆ ಅದ್ರಲ್ಲಿ. ತೀರಾ ಹಿಂದಿನ ಸಾಲು ಆಕಾಶಕ್ಕೆ ಅಂಟ್ಕೊಂಡೇ ಇದೆ, ಊದುಬತ್ತಿ ಬೂದಿಗೆ ಒಂಚೂರು ನೇರಳೆ ಕಲಸಿದ ಹಾಗೆ, ಅಂಚು ಎಲ್ಲಿ ಮುಗೀತು ಅಂತ ಹತ್ರ ಹೋಗಿ ನೋಡಿದ್ರೂ ಗೊತ್ತಾಗಲ್ಲ. ಅದರ ಮುಂದಿನದು ಸ್ವಲ್ಪ ಗಟ್ಟಿ, ಅದರ ಮುಂದಿನದು ಇನ್ನೂ ಸ್ವಲ್ಪ ಗಟ್ಟಿ, ಹಿಂಗೇ ಬರ್ತಾ ಬರ್ತಾ ನಮ್ಮ ಕಾಲ ಹತ್ರದ ಗುಡ್ಡ ನೇರಳೆ ಹಣ್ಣಿನ ಸಿಪ್ಪೆ ಬಣ್ಣಕ್ಕೆ ಬಂದು ನಿಂತಿದೆ. ದೂರದ ಬೆಟ್ಟ ನುಣ್ಣಗೆ ಅಂತೀವಲ್ಲ, ಮಧ್ಯದಲ್ಲಿರೋ ಗಾಳಿ, ತೇವ, ಧೂಳು ಎಲ್ಲಾ ಸೇರಿ ದೂರದ ಗುಡ್ಡದ ಮೇಲೆ ಒಂದೊಂದೇ ಪದರ ನೀಲಿ ಹೊದಿಸ್ತಾ ಹೋಗುತ್ತೆ, ಮರ, ಕಲ್ಲು, ದರೆ ಎಲ್ಲಾ ಆ ಪದರದೊಳಗೆ ಅಡಗ್ತವೆ, ಅದನ್ನ ಈ ಹುಡುಗ ಬರೀ ನೀರು ಜಾಸ್ತಿ ಕಮ್ಮಿ ಮಾಡಿ ತೋರಿಸಿದಾನೆ. ಮೇಲೆ ಆಕಾಶ ಕೆಳಗಡೆ ಕನಕಾಂಬರ, ಆಮೇಲೆ ತೆಳು ಗುಲಾಬಿ, ಅದರ ಮೇಲೆ ಹೆಸರಿಡಕ್ಕಾಗ್ದೇ ಇರೋ ಒಂದು ಬಣ್ಣ, ಆಮೇಲೆ ನೀಲಿ. ಕೆಳಗೆ ಬಲಗಡೆ ಮೂಲೇಲಿ, ಕಾಗದದ ಅಂಚಿಗೆ ತಾಗೋ ಹಾಗೆ, ಗುಡ್ಡದ ಬುಡದಲ್ಲಿ ಒಂದೇ ಒಂದು ಮನೆ ದೀಪ. ಸಾಸಿವೆ ಕಾಳಷ್ಟು. ಅಷ್ಟು ಜಾಗದಲ್ಲಿ ಕಾಗದ ಬಿಳೀ ಬಿಟ್ಕೊಂಡು ಅದರ ಮೇಲೆ ಒಂದು ಹನಿ ಕಿತ್ತಳೆ ಇಟ್ಟಿದಾನೆ ಅಷ್ಟೇ. ಸುತ್ತ ಎಲ್ಲಾ ತಣ್ಣಗಿನ ನೀಲಿ ಇರೋದ್ರಿಂದ ಆ ಒಂದು ಚುಕ್ಕೆ ಉರಿಯುತ್ತೆ. ನಮ್ಮ ಮಲೆನಾಡು ಕಡೆ ಆ ಹೊತ್ತು ಹೆಂಗಿರುತ್ತೆ ಅಂತ ಗೊತ್ತಿರೋರಿಗೆ ಗೊತ್ತು, ಜೀರುಂಡೆ ಶುರುವಾಗಿರುತ್ತೆ, ರೋಡಲ್ಲಿ ಒಬ್ರೂ ಇರಲ್ಲ, ಎದೇಲಿ ಏನೋ ಒಂಥರಾ ಖಾಲಿ ಆಗುತ್ತೆ, ಅಷ್ಟರಲ್ಲಿ ಯಾವ್ದೋ ಮನೇಲಿ ದೀಪ ಹತ್ಕೊಳ್ಳುತ್ತೆ ಜೀವ ಬಂದ ಹಾಗಾಗುತ್ತೆ. ಚಿತ್ರದ ಜೀವ ಇರೋದು ಆ ಸಾಸಿವೆ ಕಾಳಲ್ಲಿ.

ಈಗ ಮೊದಲನೇ ಫ್ರೇಮಿನ ಕಥೆ. ಜನವರೀಲೇ ನಮ್ಮ ಮನೆ ಹತ್ರ ಒಂದು ಅಂಗಡೀಲಿ ಕೊಟ್ಟಿದ್ದೆ, ಹೆಸರು ಬೇಡ. ಎರಡೇ ದಿನದಲ್ಲಿ ಮಾಡ್ಕೊಟ್ರು, 1,400 ರೂಪಾಯಿ. ಮಿರಮಿರ ಮಿಂಚೋ ಕಪ್ಪು ಪಟ್ಟಿ, ಒಳಗೆ ಹಾಲಿನಷ್ಟು ಬಿಳೀ ಮೌಂಟು, ಅಂದ್ರೆ ಚಿತ್ರದ ಸುತ್ತ ಬರೋ ರಟ್ಟಿನ ಅಂಚು. ಮನೆಗೆ ತಂದು ಹಾಲಲ್ಲಿ ಹಾಕಿದ್ಮೇಲೆ ಏನೋ ಸರಿ ಇಲ್ಲ ಅನ್ನಿಸ್ತಾನೇ ಇತ್ತು. ಚಿತ್ರಸಂತೇಲಿ ನೋಡಿದ್ದ ಚಿತ್ರ ಇದೇನಾ ಅಂತ, ಗುಡ್ಡ ಎಲ್ಲಾ ಮಾಸಿದ ಹಾಗೆ, ಆಕಾಶದ ಗುಲಾಬಿ ಕೊಳೆ ಆದ ಹಾಗೆ. ನಾನು ಹೊರಗಡೆ ಬಿಸಿಲಲ್ಲಿ ನೋಡಿದ್ದಕ್ಕೆ ಚೆನ್ನಾಗಿ ಕಂಡಿತ್ತೇನೋ ಅಂದ್ಕೊಂಡು ಸುಮ್ನಾದೆ. ಜೂನಲ್ಲಿ ಮಳೆ ಹಿಡೀತು, ಕಾಗದ ಒಳಗೇ ಅಲೆ ಅಲೆಯಾಗಿ ಎದ್ದು ಒಂದು ಕಡೆ ಗ್ಲಾಸಿಗೇ ತಾಗಕ್ಕೆ ಶುರುವಾಯ್ತು. ಅದೇ ವಾರ ಊರಿಂದ ಅಮ್ಮ ಬಂದಿದ್ರು. ಜನವರೀಲಿ ನಾನು ಕಳ್ಸಿದ್ದ ಫೋಟೋ ಅವ್ರ ಮೊಬೈಲಲ್ಲಿತ್ತು, ಅದನ್ನ ಎಷ್ಟು ಸಲ ನೋಡಿದ್ರೋ ಏನೋ, ಗೋಡೆ ಮುಂದೆ ನಿಂತ ತಕ್ಷಣ ಕೇಳಿದ್ರು, "ಏ, ಆ ಮನೆ ದೀಪ ಎಲ್ಲಿ ಹೋಯ್ತೇ?"

ನೋಡಿದ್ರೆ ದೀಪ ಇಲ್ಲ! ಮೌಂಟು ಕಾಗದದ ಮೇಲೆ ಸುತ್ತಲೂ ಅರ್ಧ ಇಂಚು ಒಳಗೆ ಬಂದಿದೆ, ದೀಪ ಅದರ ಕೆಳಗೆ ಹೋಗ್ಬಿಟ್ಟಿದೆ. ಆರು ತಿಂಗಳು ನಾನು ದೀಪ ಇಲ್ದೇ ಇರೋ ಗುಡ್ಡ ನೋಡ್ತಾ, ಯಾಕೆ ಇದು ಇಷ್ಟು ಬೇಜಾರಾಗಿದೆ ಅಂದ್ಕೊಂಡು ಓಡಾಡ್ತಿದ್ದೆ. ತುಂಬಾ ಸಂಕಟ ಆಯ್ತು. ಆಫೀಸಲ್ಲಿ ಒಬ್ರು ಈ ಅಂಗಡಿ ಹೇಳಿದ್ರು, ಶನಿವಾರ ಅಮ್ಮನ್ನೂ ಕರ್ಕೊಂಡೇ ಹೋದೆ.

ಯಜಮಾನ್ರಿಗೆ ಅರವತ್ತು ದಾಟಿರ್ಬೇಕು, ಕನ್ನಡಕ ಹಣೆ ಮೇಲೆ ಇರುತ್ತೆ. ಫ್ರೇಮ್ ಕೈಗೆ ತಗೊಂಡೋರು ಒಂದೂ ಮಾತಾಡ್ದೇ ಅಂಗಡಿಯಿಂದ ಕೆಳಗಿಳಿದು ಫುಟ್‌ಪಾತಿಗೆ ಬಂದು, ಮರದ ನೆರಳಲ್ಲಿ ನಿಂತು ನೋಡಿದ್ರು. ಅಮ್ಮ ನನ್ನ ಕಿವೀಲಿ "ಮ್ಯಾಚಿಂಗ್ ಸೆಂಟರಲ್ಲಿ ಬ್ಲೌಸ್ ಪೀಸ್ ನೋಡೋ ಹಾಗೆ ನೋಡ್ತಿದಾರೆ" ಅಂದ್ರು. ಸರಿಯಾಗೇ ಹೇಳಿದ್ರು. ಸೀರೆ ಬ್ಲೌಸ್ ತಗೊಂಡಿರೋ ಹೆಂಗಸ್ರಿಗೆಲ್ಲಾ ಇದು ಗೊತ್ತು, ಒಳಗೆ ಟ್ಯೂಬ್‌ಲೈಟಲ್ಲಿ ಒಂದು ಬಣ್ಣ, ಹೊರಗೆ ಹಗಲಲ್ಲಿ ಒಂದು ಬಣ್ಣ, ಒಂದೇ ಪೀಸು ಈ ಸೀರೆ ಪಕ್ಕ ಇಟ್ರೆ ಕೆಂಪು, ಆ ಸೀರೆ ಪಕ್ಕ ಇಟ್ರೆ ಇಟ್ಟಿಗೆ. ಆಮೇಲೆ ಅವ್ರು ಕೇಳಿದ ಮೊದಲನೇ ಪ್ರಶ್ನೆ, "ಇದ್ರಲ್ಲಿ ಕಪ್ಪು ಬಣ್ಣಾನೇ ಇಲ್ವಲ್ಲಮ್ಮ, ಕಪ್ಪು ಪಟ್ಟಿ ಯಾಕೆ ಹಾಕಿದ್ರು?"

ಹೌದು, ಇಲ್ಲ. ಹತ್ರದ ಗುಡ್ಡ ಕಪ್ಪು ಅಂತ್ಲೇ ನಾವು ಅಂದ್ಕೊಂಡಿರ್ತೀವಿ. ಅದು ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಅನ್ನೋ ಸುಟ್ಟ ಮಣ್ಣಿನ ಕಂದು ಸೇರಿಸಿ ಮಾಡೋ ಕಡು ಬಣ್ಣ, ಚಿತ್ರ ಮಾಡಿದ ಹುಡುಗಾನೂ ಅವತ್ತು ಅದನ್ನೇ ಹೇಳಿದ್ದ. ಡಬ್ಬಿಯ ಕಪ್ಪು ಹಾಕಿದ್ರೆ ಗುಡ್ಡ ಇರೋ ಜಾಗದಲ್ಲಿ ತೂತು ಬಿದ್ದ ಹಾಗೆ ಕಾಣುತ್ತಂತೆ. ಈಗ ಅಂಥ ಬಣ್ಣದ ಸುತ್ತ ನಿಜವಾದ ಕಪ್ಪು ತಂದಿಟ್ರೆ ಏನಾಗುತ್ತೆ, ಗುಡ್ಡ ಬಿಳಚ್ಕೊಳ್ಳುತ್ತೆ. ಕಣ್ಣು ಪಕ್ಕದಲ್ಲಿರೋ ಬಣ್ಣದ ಜೊತೆ ಹೋಲಿಸ್ದೇ ಯಾವ ಬಣ್ಣನೂ ನೋಡಲ್ಲ. ಮನೆಗೆ ಬಂದು ಓದ್ಕೊಂಡಾಗ ಇದಕ್ಕೊಂದು ಹಳೇ ಕಥೆ ಸಿಕ್ತು, ಪ್ಯಾರಿಸ್ಸಿನ ಗೊಬೆಲಾಂ ನೇಯ್ಗೆ ಕಾರ್ಖಾನೇಲಿ ಬಣ್ಣ ಹಾಕೋ ವಿಭಾಗ ನೋಡ್ಕೋತಿದ್ದ ಷೆವ್ರೆಲ್ ಅನ್ನೋ ಕೆಮಿಸ್ಟ್ ಹತ್ರ, ನೀಲಿ ನೇರಳೆ ಬಟ್ಟೆ ನೆರಳಿಗೆ ಬಳಸೋ ಕಪ್ಪು ದಾರ ಸತ್ತ ಹಾಗೆ ಕಾಣುತ್ತೆ ಅಂತ ದೂರು ಬರ್ತಿತ್ತಂತೆ, ಪರೀಕ್ಷೆ ಮಾಡಿದ್ರೆ ದಾರದ ಬಣ್ಣದಲ್ಲಿ ಏನೂ ತಪ್ಪಿಲ್ಲ, ಪಕ್ಕದ ನೀಲೀನೇ ಅದನ್ನ ಹಂಗೆ ಕಾಣಿಸ್ತಿತ್ತು. 1839ರಲ್ಲಿ ಅದರ ಮೇಲೇ ಪುಸ್ತಕ ಬರೆದ್ರು. ನಮ್ಮ ಯಜಮಾನ್ರು ಅದನ್ನ ಓದಿದಾರೋ ಇಲ್ವೋ, ಮೂವತ್ತು ವರ್ಷ ಇದೇ ಕೆಲಸ ಮಾಡಿ ಕಣ್ಣಲ್ಲೇ ತಿಳ್ಕೊಂಡಿದಾರೆ.

ಬಿಚ್ಚೋದೇ ದೊಡ್ಡ ಕೆಲಸ ಆಯ್ತು. ನಾಲ್ಕೂ ಮೂಲೆಗೆ ಡಬಲ್ ಸೈಡ್ ಟೇಪ್ ಹಾಕಿ ಕಾಗದಾನ ಹಾರ್ಡ್‌ಬೋರ್ಡಿಗೆ ಬಿಗಿದಿದ್ರು ಹಿಂದಿನವ್ರು. ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತೆ, ಹಿಗ್ಗಕ್ಕೆ ಜಾಗ ಇಲ್ದೇ ಇದ್ರೆ ಎದ್ದು ನಿಲ್ಲುತ್ತೆ, ಅದಕ್ಕೇ ಆ ಅಲೆ. ಯಜಮಾನ್ರು ಹೇರ್ ಡ್ರೈಯರಲ್ಲಿ ಹಿಂದಿನಿಂದ ಹದವಾಗಿ ಬಿಸಿ ಕೊಟ್ಟು, ತೆಳ್ಳಗಿನ ಚಾಕು ತರದ್ದೊಂದು ತೂರಿಸಿ ಕೂದಲೆಳೆ ಕೂದಲೆಳೆ ಬಿಡಿಸಿದ್ರು, ಒಂದೊಂದು ಮೂಲೆಗೆ ಕಾಲು ಗಂಟೆ. ಒಂದು ಮೂಲೇಲಿ ಹಿಂಬದಿ ಸ್ವಲ್ಪ ಸಿಪ್ಪೆ ಎದ್ದಿತು, ಅದನ್ನ ಮುಚ್ಚಿಡ್ಲಿಲ್ಲ, ಕರೆದು ತೋರಿಸಿದ್ರು. ಕೊನೇ ಮೂಲೆ ಬಲಗಡೆದು. ಮೌಂಟು ಎತ್ತಿದ್ರು, ದೀಪ ಕಾಣಿಸ್ತು. ಅಮ್ಮ "ಸದ್ಯ" ಅಂದ್ರು.

ಆಮೇಲೆ ಮೌಂಟ್ ಬಣ್ಣ ಆರಿಸೋದು. ಇದನ್ನ ನೀವು ನೋಡ್ಬೇಕು. ಬೋರ್ಡಿನ ಸ್ಯಾಂಪಲ್ ತುಂಡುಗಳನ್ನ ಮೂಲೆ ಆಕಾರದಲ್ಲಿ ಕತ್ತರಿಸಿ ಸರಕ್ಕೆ ಪೋಣಿಸಿದ ಹಾಗೆ ಕಟ್ಟಿಟ್ಕೊಂಡಿದಾರೆ, ಒಂದೊಂದೇ ಚಿತ್ರದ ಮೂಲೆಗೆ ಇಟ್ಟು ಹತ್ತು ಎಣಿಸೋವಷ್ಟು ಹೊತ್ತು ಬಿಡ್ತಾರೆ. ಹಾಲು ಬಿಳುಪು ಇಟ್ರು, ತಕ್ಷಣ ಆಕಾಶ ಮಂಕಾಯ್ತು, ಯಾಕಂದ್ರೆ ಚಿತ್ರದಲ್ಲಿ ಅತೀ ಬೆಳಕಿರೋ ಜಾಗ ಆ ಕನಕಾಂಬರ ಪಟ್ಟಿ, ಅದಕ್ಕಿಂತ ಬೆಳಕು ಸುತ್ತ ಬಂದು ಕೂತ್ರೆ ಅದು ಸೋಲುತ್ತೆ. ಕೆನೆ ಬಣ್ಣ ಇಟ್ರು, ಗುಲಾಬಿ ಹಳದಿಗೆ ತಿರುಗಿ ಮಧ್ಯಾಹ್ನ ಮೂರು ಗಂಟೆ ತರ ಆಯ್ತು. ನಾನು ಒಂದು ಗುಲಾಬಿ ತೋರಿಸಿ ಇದು ಮ್ಯಾಚ್ ಆಗುತ್ತಲ್ಲಾ ಸರ್ ಅಂದೆ, ಇಟ್ಟು ತೋರಿಸಿದ್ರು, ಆಕಾಶದ ಗುಲಾಬಿ ಪೂರ್ತಿ ಕುಡಿದ್ಬಿಡ್ತು ಅದು. ಕೊನೆಗೆ ಒಂದು ಬೂದು, ಒಳಗೆ ಒಂದಿಷ್ಟು ಕಂದು ಇರೋ ಬೂದು, ಆಕಾಶಕ್ಕಿಂತ ಕಪ್ಪು, ಹತ್ರದ ಗುಡ್ಡಕ್ಕಿಂತ ಬೆಳ್ಳಗೆ. ಅದನ್ನ ಇಟ್ಟಾಗ ಯಾರೂ ಮಾತಾಡ್ಲಿಲ್ಲ. ಹಿಂದಿನ ಸಾಲು ಹಿಂದಕ್ಕೆ ಹೋಯ್ತು, ಮುಂದಿನ ಸಾಲು ಮುಂದಕ್ಕೆ ಬಂತು, ಮಧ್ಯೆ ಗಾಳಿ ಆಡ್ತಿದೆ ಅನ್ನಿಸ್ತು, ಒಂದು ತುಂಡು ರಟ್ಟು ಇಟ್ಟಿದ್ದಕ್ಕೆ ಇಷ್ಟಾಗುತ್ತಾ ಅಂತ ನನಗೆ ಇವತ್ತಿಗೂ ಆಶ್ಚರ್ಯ. ಪಟ್ಟಿಗೆ ಕಡು ಕಂದು ಮರ, ಪಾಲಿಶ್ ಇಲ್ಲ, ಬರೀ ಎಣ್ಣೆ ಒರೆಸಿದ್ದು.

ದೀಪದ ವಿಷಯಕ್ಕೆ ಅವ್ರೇ ದಾರಿ ಹೇಳಿದ್ರು. ಮೌಂಟನ್ನ ಕಾಗದದ ಮೇಲೆ ಹೊದಿಸಲ್ಲ, ಕಾಗದಾನೇ ಬೋರ್ಡಿನ ಮೇಲೆ ತೇಲೋ ಹಾಗೆ ಕೂರಿಸ್ತೀನಿ, ನಾಲ್ಕೂ ಅಂಚು ಪೂರ್ತಿ ಕಾಣುತ್ತೆ ಅಂದ್ರು. ಮೇಲ್ಗಡೆ ಎರಡು ಕಡೆ ಮಾತ್ರ, ತೆಳು ಜಪಾನೀ ಕಾಗದದ ಪಟ್ಟೀಲಿ, ಗೋಧಿ ಗಂಜಿಯ ಅಂಟು ಹಾಕಿ ಹಿಂದಿನಿಂದ ನೇತು ಹಾಕ್ತಾರೆ, ಹಿಗ್ಗಲಿ ಕುಗ್ಗಲಿ ಅಂತ ಕೆಳಗೆಲ್ಲಾ ಬಿಟ್ಟಿರ್ತಾರೆ, ನಾಳೆ ಬೇಕು ಅಂದ್ರೆ ನೀರು ಸೋಕಿಸಿ ಬಿಡಿಸ್ಬಹುದು. ಬೋರ್ಡು ಆಸಿಡ್ ಇಲ್ದೇ ಇರೋದು, ಸಾದಾ ಬೋರ್ಡಾದ್ರೆ ಕೆಲವು ವರ್ಷಕ್ಕೆ ಅದೇ ಹಳದಿ ತಿರುಗಿ ಚಿತ್ರದ ಕಾಗದಕ್ಕೂ ಕಂದು ಹತ್ತಿಸುತ್ತೆ. ಗ್ಲಾಸಿಗೂ ಕಾಗದಕ್ಕೂ ಮಧ್ಯೆ ಸಣ್ಣ ಬೀಡಿಂಗ್ ಕೊಟ್ಟು ಗ್ಯಾಪ್ ಇಟ್ಟಿದಾರೆ.

ಗ್ಲಾಸ್ ವಿಷಯದಲ್ಲಿ ಒಂದು ಮಾತು ಎಲ್ರಿಗೂ ಉಪಯೋಗ ಆಗುತ್ತೆ. ನಾನು ಮ್ಯಾಟ್ ಗ್ಲಾಸ್ ಹಾಕಿ, ಹೊಳಪು ಬೇಡ ಅಂದೆ. ಒಂದು ತುಂಡು ತಂದು ಕಾಗದಕ್ಕೆ ತಾಗಿಸಿಟ್ರು, ಚೆನ್ನಾಗೇ ಇತ್ತು, ಆಮೇಲೆ ಅರ್ಧ ಇಂಚು ಮೇಲಕ್ಕೆತ್ತಿದ್ರು, ಗುಡ್ಡ ಎಲ್ಲಾ ಮಬ್ಬಾಗೋಯ್ತು. ಮ್ಯಾಟ್ ಗ್ಲಾಸ್ ಮೈ ಒರಟಾಗಿರುತ್ತೆ, ಚಿತ್ರದಿಂದ ದೂರ ಹೋದಷ್ಟೂ ಮಸುಕು. ಕೋಟಿಂಗ್ ಇರೋ ಮ್ಯೂಸಿಯಂ ಗ್ಲಾಸ್ ಬೇರೆ ಇದೆ, ಕಣ್ಣಿಗೆ ಗ್ಲಾಸೇ ಇಲ್ಲ ಅನ್ಸುತ್ತೆ, ರೇಟು ಕೇಳಿ ಬಿಟ್ಟೆ. ಸಾದಾ ಗ್ಲಾಸೇ ಸಾಕು, ಕಿಟಕಿ ಎದುರು ಗೋಡೆಗೆ ಹಾಕ್ಬೇಡಿ, ಕಿಟಕಿ ಪಕ್ಕದ ಗೋಡೆಗೆ ಹಾಕಿ, ಹೊಳಪು ಬರಲ್ಲ ಅಂದ್ರು. ದುಬಾರಿ ಮಾಲು ಮಾರೋ ಅವಕಾಶ ಅವ್ರಾಗೇ ಬಿಟ್ರು ನೋಡಿ.

ಇನ್ನೊಂದು ಎಚ್ಚರಿಕೇನೂ ಕೊಟ್ರು, ಇಂಥ ಮುಸ್ಸಂಜೆ ಆಕಾಶದ ಗುಲಾಬಿ ತುಂಬಾ ನಾಜೂಕು ಅಂತ. ಅಲಿಝರಿನ್ ಕ್ರಿಮ್ಸನ್ ಅನ್ನೋ ಹಳೇ ಕೆಂಪು ಬಳಸಿದ್ರೆ, ಅದ್ರಲ್ಲೂ ನೀರು ಜಾಸ್ತಿ ಮಾಡಿ ತೆಳ್ಳಗೆ ಬಳಿದ್ರೆ, ಬೆಳಕಿಗೆ ಹಾರಿ ಹೋಗುತ್ತೆ, ನೀಲಿ ಉಳ್ಕೊಳ್ಳುತ್ತೆ, ಸಂಜೆ ಹೋಗಿ ಬರೀ ಮೋಡ ಕವಿದ ದಿನ ಉಳಿಯುತ್ತೆ. ಮ್ಯೂಸಿಯಮ್ಮಲ್ಲಿ ವಾಟರ್‌ಕಲರ್ ಮೇಲೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಅಂದ್ರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳಿಸಲ್ಲ, ಅದಕ್ಕೇ ಆ ರೂಮುಗಳು ಮಬ್ಬಾಗಿರೋದು. ಮಾತು ಅಲ್ಲಿಂದ ಕಲಾವಿದ ಕೆ. ವೆಂಕಟಪ್ಪನವ್ರ ಊಟಿ, ಕೊಡೈಕೆನಾಲ್ ಚಿತ್ರಗಳ ಕಡೆ ಹೋಯ್ತು, ಮಂಜು ಹೊದ್ದ ಬೆಟ್ಟ ವಾಟರ್‌ಕಲರಲ್ಲಿ ಹೆಂಗೆ ನಿಲ್ಲುತ್ತೆ ಅಂತ ನೋಡ್ಬೇಕಾದ್ರೆ ಅವೇ. ಬೆಟ್ಟದ ಬಣ್ಣ ನೋಡೋ ಆಸೆ ಇದ್ರೆ ಪರಿಷತ್ತಲ್ಲಿರೋ ರೋರಿಕ್ ಚಿತ್ರಗಳನ್ನೂ ನೋಡಿ ಬನ್ನಿ ಅಂದ್ರು, ಕುಲು ಕಣಿವೆಯ ನಗ್ಗರಲ್ಲಿ ಇದ್ದು 1947ರಲ್ಲಿ ತೀರ್ಕೊಂಡ ನಿಕೊಲಸ್ ರೋರಿಕ್, ಅವ್ರ ಮಗ ನಮ್ಮ ಕನಕಪುರ ರೋಡಿನ ತಾತಗುಣಿ ತೋಟದಲ್ಲಿದ್ದ ಸ್ವೆತೊಸ್ಲಾವ್. ಅಪ್ಪ ಹಿಮಾಲಯಕ್ಕೆ ಬಳಸಿದ್ದು ಹೆಚ್ಚಾಗಿ ಟೆಂಪೆರಾ ಅನ್ನೋ ತರದ ಬಣ್ಣ, ಅದು ಹೊಳೆಯಲ್ಲ, ಬಣ್ಣ ಒಳಗಿಂದ ಬಂದ ಹಾಗಿರುತ್ತೆ. ಹೋಗಿ ನೋಡಿದೆ, ನೀಲಿ ಅನ್ನೋದು ಎಷ್ಟು ತರ ಇರ್ಬಹುದು ಅಂತ ಅವತ್ತು ಗೊತ್ತಾಯ್ತು. ಆದ್ರೆ ನಮ್ಮ ಘಟ್ಟದ ನೀಲಿ ಬೇರೆ, ಅಲ್ಲಿ ಹಿಮ ಇದೆ ಗಾಳಿ ಒಣ ಇದೆ ಅಂಚು ಚೂರಿ ತರ ಇದೆ, ನಮ್ಮದು ತೇವದ ನೀಲಿ, ಒದ್ದೆ ಬಟ್ಟೆ ತರ ಜೋತು ಬಿದ್ದಿರುತ್ತೆ. ನನಗೆ ನಮ್ಮದೇ ಇಷ್ಟ.

ಹೇಳಿದ್ದು ಎರಡು ವಾರ, ಆಗಿದ್ದು ಮೂರೂವರೆ ವಾರ. ಫೋನ್ ಮಾಡಿದ್ರೆ "ಆಗ್ತಾ ಇದೆಯಮ್ಮ" ಅಷ್ಟೇ. ಇದು ಅವ್ರು ಸರಿ ಮಾಡ್ಕೋಬೇಕಾದ ವಿಷಯ, ಗೃಹಪ್ರವೇಶಕ್ಕೋ ಮದುವೆಗೋ ಉಡುಗೊರೆ ಕೊಡೋರು ಒಂದು ತಿಂಗಳು ಮುಂಚೆ ಕೊಡಿ. ಒಟ್ಟು 5,200 ಆಯ್ತು, ಅಂದ್ರೆ ಚಿತ್ರಕ್ಕಿಂತ ಜಾಸ್ತಿ. ಕೊಡೋವಾಗ ಒಂದು ಕ್ಷಣ ಕೈ ಹಿಂದೆ ಹೋಗಿದ್ದು ನಿಜ, ಈಗ ಒಂದು ರೂಪಾಯಿಗೂ ಬೇಜಾರಿಲ್ಲ.

ಮನೇಲಿ ಹಾಕಿದ್ಮೇಲೂ ಒಂದು ಕೆಲಸ ಬಾಕಿ ಇತ್ತು. ನಮ್ಮ ಹಾಲಲ್ಲಿ ಇದ್ದಿದ್ದು 6500 ಕೆಲ್ವಿನ್ ಬಲ್ಬು, ಆಸ್ಪತ್ರೆ ಬೆಳಕು, ಅದರಡಿ ಕನಕಾಂಬರ ಬಣ್ಣ ಸತ್ತೇ ಹೋಗುತ್ತೆ. ಯಜಮಾನ್ರು ಚೀಟಿ ಮೇಲೆ ಬರ್ಕೊಟ್ಟಿದ್ರು, 3000 ಕೆಲ್ವಿನ್ (ಅಂದ್ರೆ ಹಳದಿ ಛಾಯೆ ಬೆಳಕು), ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಳತೆ) 90ಕ್ಕಿಂತ ಮೇಲೆ, ಆ ಎರಡು ನಂಬರು ಡಬ್ಬಿ ಮೇಲೆ ನೋಡಿ ತಗೊಳ್ಳಿ ಅಂತ. ತಗೊಂಡು ಹಾಕ್ದೆ.

ಆದ್ರೆ ನನಗೆ ತುಂಬಾ ಇಷ್ಟ ಯಾವಾಗ ಅಂದ್ರೆ ಬಲ್ಬ್ ಹಾಕೋಕೆ ಮುಂಚೆ. ಆರೂ ಮುಕ್ಕಾಲು ಆಸುಪಾಸು ಸೂರ್ಯ ಮುಳುಗ್ತಾನೆ, ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿರೋದ್ರಿಂದ ಸೂರ್ಯ ತುಂಬಾ ಓರೆಯಾಗಿ ಜಾರಲ್ಲ, ಹೆಚ್ಚುಕಮ್ಮಿ ನೆಟ್ಟಗೆ ಇಳೀತಾನೆ, ಮುಸ್ಸಂಜೆ ಅಂತ ನಮಗೆ ಸಿಗೋದೇ 22-23 ನಿಮಿಷ. ಆ ಹೊತ್ತಲ್ಲಿ ಲೈಟ್ ಹಾಕ್ದೇ ಕೂತು ನೋಡಿದ್ರೆ ಚಿತ್ರದಲ್ಲೂ ಕತ್ತಲಾಗುತ್ತೆ. ಮೊದ್ಲು ಕನಕಾಂಬರ ಹೋಗುತ್ತೆ, ಆಮೇಲೆ ಗುಲಾಬಿ, ದೀಪದ ಚುಕ್ಕೇನೂ ಕಂದು ಆಗಿ ಆರುತ್ತೆ, ನೀಲಿ ಮಾತ್ರ ಇನ್ನೂ ಇರುತ್ತೆ, ಅದು ಮುಂಚೆಗಿಂತ ಬೆಳಗ್ತಿದೆ ಅನ್ನಿಸುತ್ತೆ. ಬೆಳಕು ಕಮ್ಮಿ ಆದಾಗ ನಮ್ಮ ಕಣ್ಣು ಕೆಂಪನ್ನ ಮೊದ್ಲು ಕಳ್ಕೊಳ್ಳುತ್ತೆ, ನೀಲಿ ಹಸಿರನ್ನ ಹಿಡ್ಕೊಂಡಿರುತ್ತೆ, ಪುರ್ಕಿಂಜೆ ಅನ್ನೋ ವಿಜ್ಞಾನಿ 19ನೇ ಶತಮಾನದಲ್ಲೇ ಇದನ್ನ ಗಮನಿಸಿದ್ರಂತೆ. ಅಮ್ಮ ಇದ್ದ ಅಷ್ಟೂ ದಿನ ನಾವಿಬ್ರೂ ಹಿಂಗೇ ಕೂತು ನೋಡ್ತಿದ್ವಿ. ಪೂರ್ತಿ ಕತ್ತಲಾಗೋ ಮುಂಚೆ ಅಮ್ಮ "ಸಾಕು, ದೀಪ ಹಚ್ಚೋ ಹೊತ್ತಾಯ್ತು" ಅಂತ ಎದ್ದು ದೇವರ ದೀಪ ಹಚ್ಚಿ ಬಂದು ಹಾಲಿನ ಸ್ವಿಚ್ ಒತ್ತೋರು, ಬಲಗಡೆ ಮೂಲೇಲಿ ಆ ಮನೇಲೂ ದೀಪ ಹತ್ಕೊಳ್ಳೋದು.

ಹೋಗೋರು ಸಂಜೆ ನಾಲ್ಕರ ಒಳಗೆ ಹೋಗಿ. ಹಗಲು ಬೆಳಕು ಇಲ್ದೇ ಇದ್ರೆ ಯಜಮಾನ್ರು ಮೌಂಟ್ ಬಣ್ಣ ಆರಿಸಲ್ಲ, ನಾಳೆ ಬನ್ನಿ ಅಂತಾರೆ. ಯುಪಿಐ ತಗೋತಾರೆ. ಗಾಡಿ ಮೆಟ್ರೋ ಸ್ಟೇಷನ್ ಹತ್ರ ಎಲ್ಲಾದ್ರೂ ಬಿಟ್ಟು ನಡ್ಕೊಂಡು ಹೋಗಿ, ಚಿತ್ರ ಮಡಚ್ಬೇಡಿ, ಎರಡು ರಟ್ಟಿನ ಮಧ್ಯೆ ಇಟ್ಕೊಂಡು ಹೋಗಿ.